ಇಪ್ಪತ್ತಾರು ಲಕ್ಷ ಬೇಡವೆಂದ ಹರಿಹರದ ಸಂಸಾರ

ಅದು 2024ರ ಮೇ ತಿಂಗಳು. ನಾನಾಗ ದಾವಣಗೆರೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಗೃಹಸಾಲ ವಿಭಾಗದ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಎಂ.ಸಿ.ಸಿ. ‘ಬಿ’ ಬ್ಲಾಕಿನ ಮನೆಯಿಂದ ಸ್ಕೂಟರಿನಲ್ಲಿ ಹೊರಟರೆ ಹತ್ತು ನಿಮಿಷಕ್ಕೆ ಕುರ್ಚಿಯಲ್ಲಿರುತ್ತಿದ್ದೆ. ಕೂತ ಮೇಲೆ ಏಳಲು ಮಾತ್ರ ಪುರುಸೊತ್ತಿರುತ್ತಿರಲಿಲ್ಲ. ಆ ವರ್ಷ ಊರಿಗೆ ಊರೇ ಮನೆ ಕೊಳ್ಳಲು ಹೊರಟಂತಿತ್ತು. ಸಂಬಳದ ಅಂಕಿ ಒತ್ತಿದರೆ ಇಷ್ಟು ಲಕ್ಷ ಸಾಲ ಸಿಗುತ್ತದೆ ಎಂದು ತೋರಿಸುವ ಆ್ಯಪು ಎಲ್ಲರ ಫೋನಿಗೂ ಬಂದಿತ್ತು. ಜನ ನನ್ನೆದುರು ಕೂತು ನಮಸ್ಕಾರ ಹೇಳುವ ಮೊದಲೇ ಫೋನು ಮುಂದೆ ಹಿಡಿದು ಆ ಅಂಕಿ ತೋರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಉರಿಯಲು ಕಾರಣವಿತ್ತು. ಅದಕ್ಕೂ ಮುಂಚೆ ನಾನು ಮೂರು ವರ್ಷ ವಸೂಲಾತಿ ವಿಭಾಗದಲ್ಲಿದ್ದೆ. ಕಂತು ಕಟ್ಟದವರ ಮನೆ ಬಾಗಿಲಿಗೆ ಹೋಗಿ ನಿಲ್ಲುವ ಕೆಲಸ. ಹೋಗುವ ಮೊದಲು ಕಂತು ತಪ್ಪಿಸುವವರೆಲ್ಲ ಖದೀಮರು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಹೆಚ್ಚಿನವರು ಮರ್ಯಾದಸ್ಥರು, ನಮ್ಮ ನಿಮ್ಮಂಥವರೇ. ಬ್ಯಾಂಕು ಎಷ್ಟು ಕೊಡುತ್ತದೋ ಅಷ್ಟನ್ನೂ ತೆಗೆದುಕೊಂಡದ್ದೇ ಅವರು ಮಾಡಿದ ತಪ್ಪು. ನೆಲಕ್ಕೆ ಹೊಳೆಯುವ ಟೈಲ್ಸು ಹಾಕಿಸಿದ ಮನೆಯಲ್ಲಿ, ನನಗೆ ಒಂದು ಲೋಟ ಚಹಾ ಕೊಡಲು ಹಾಲಿಲ್ಲವೆಂದು ಒಳಗೇ ಕೂತು ಅತ್ತ ಹೆಣ್ಣುಮಗಳನ್ನು ಕಂಡವಳು ನಾನು.

ಹಾಗಾಗಿ ಗೃಹಸಾಲ ವಿಭಾಗಕ್ಕೆ ಬಂದ ಮೇಲೆ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಅದಕ್ಕೆ ‘ತಾಲೀಮು’ ಅಂತ ಹೆಸರಿಟ್ಟಿದ್ದೆ. ಗರಡಿಯಲ್ಲಿ ಪಟ್ಟು ಕಲಿಯದೆ ಯಾರೂ ಕುಸ್ತಿಗೆ ಇಳಿಯುವುದಿಲ್ಲವಲ್ಲ, ಹಾಗೆ. ಸಾಲ ಕೇಳಿ ಬಂದವರಿಗೆ ಹೇಳುತ್ತಿದ್ದೆ: ಮೂರು ತಿಂಗಳು ಸಾಲ ಬಂದೇಬಿಟ್ಟಿದೆ ಎಂದುಕೊಂಡು ಬದುಕಿ. ಬರಲಿರುವ ಕಂತಿನಲ್ಲಿ ಈಗ ಕೊಡುತ್ತಿರುವ ಬಾಡಿಗೆಯನ್ನು ಕಳೆಯಿರಿ. ಉಳಿದದ್ದನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿ. ಮೂರು ಸಲವೂ ಹಾಕಲು ಆದರೆ ಸಾಲ ತೆಗೆದುಕೊಳ್ಳಿ. ಹಾಕಿದ ದುಡ್ಡು ನಿಮ್ಮದೇ, ರಿಜಿಸ್ಟ್ರೇಷನ್ನಿಗೆ ಆಗುತ್ತದೆ. ಇದು ಬ್ಯಾಂಕಿನ ನಿಯಮವಲ್ಲ, ನನ್ನ ಸಲಹೆ ಅಷ್ಟೇ. ಕೆಲವರು ಕೇಳುತ್ತಿದ್ದರು, ಕೆಲವರು ಮುಖ ಸಿಂಡರಿಸಿಕೊಂಡು ಎದುರಿನ ಬ್ಯಾಂಕಿಗೆ ಹೋಗುತ್ತಿದ್ದರು. ನಮ್ಮ ಮ್ಯಾನೇಜರ್ ಸಾಹೇಬರು, ನನಗಿಂತ ಹದಿನೈದು ವರ್ಷ ಚಿಕ್ಕವರು, “ಮೇಡಂ, ನೀವು ಸಾಲ ಕೊಡ್ತಿದೀರೋ ಟ್ಯೂಷನ್ ನಡೆಸ್ತಿದೀರೋ?” ಎಂದು ಛೇಡಿಸುತ್ತಿದ್ದರು. “ಟ್ಯೂಷನ್ನೇ ಸಾರ್, ಫೀಸು ಮಾತ್ರ ಇಲ್ಲ” ಎನ್ನುತ್ತಿದ್ದೆ.

ಆ ಮೇ ತಿಂಗಳಲ್ಲಿ ಹರಿಹರದಿಂದ ಮೂವರು ಬಂದರು. ಹಾಲೇಶಪ್ಪ, ಮೂವತ್ತೊಂಬತ್ತು ವರ್ಷ, ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ಆಪರೇಟರ್. ಅವನ ಹೆಂಡತಿ ನಾಗವೇಣಿ, ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಜೊತೆಯಲ್ಲಿ ಅವನ ತಾಯಿ ಗೌರಮ್ಮ. ಆರನೇ ಕ್ಲಾಸಿನ ಮಗಳು ಶಾಲೆಗೆ ಹೋಗಿದ್ದಳು. ಹರಿಹರದಲ್ಲಿ ಬಾಡಿಗೆ ಮನೆ, ತಿಂಗಳಿಗೆ ಏಳೂವರೆ ಸಾವಿರ. ಅವರು ಫೋನು ತೋರಿಸಲಿಲ್ಲ. ನಾಗವೇಣಿ ನೇರವಾಗಿ ಹೇಳಿದಳು:

“ಮೇಡಂ, ನನಗೆ ದಿನಾ ಹರಿಹರದಿಂದ ಬಸ್ಸು. ನೈಟ್ ಶಿಫ್ಟ್ ಮುಗಿಸಿ ನಿಂತ್ಕಂಡೇ ಹೋಗ್ತೀನಿ. ಮಗಳು ಎದ್ದಾಗ ನಾನಿರಲ್ಲ, ನಾನು ಬಂದಾಗ ಅವಳಿರಲ್ಲ. ದಾವಣಗೆರ್ಯಾಗೆ ಒಂದು ಮನೆ ಆಗಿಬಿಟ್ರೆ ಸಾಕ್ರಿ.”

ಮನೆಯನ್ನೂ ನೋಡಿಟ್ಟಿದ್ದರು. ನಿಜಲಿಂಗಪ್ಪ ಬಡಾವಣೆಯಲ್ಲಿ ಇಪ್ಪತ್ತು ಮೂವತ್ತರ ಸೈಟಿನ ಹಳೆಯ ಮನೆ, ಮೂವತ್ನಾಲ್ಕು ಲಕ್ಷ. ನರ್ಸಿಂಗ್ ಹೋಮಿಗೆ ನಡೆದೇ ಹೋಗಬಹುದು. ಐವತ್ತು ಸಾವಿರ ಮುಂಗಡ ಕೊಟ್ಟು ಕರಾರು ಮಾಡಿಕೊಂಡಾಗಿತ್ತು. ಮಾಲೀಕರು ನಾಲ್ಕು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ನೋಂದಣಿ ಆಗದಿದ್ದರೆ ಮುಂಗಡ ಹೋಯಿತು.

ಸ್ವಂತ ದುಡ್ಡು ಎಷ್ಟಿದೆ ಎಂದೆ. ಹತ್ತೂವರೆ ಲಕ್ಷ ಎಂದರು. ಎಲ್ಲಿಂದ ಬಂತು ಎಂದು ಕೇಳುವುದು ನಮ್ಮ ಕೆಲಸದ ಭಾಗ, ಕೇಳಿದೆ. ಗೌರಮ್ಮ ಅಲ್ಲಿಯವರೆಗೆ ಸೆರಗಿನ ತುದಿ ಸುತ್ತುತ್ತ ಕೂತಿದ್ದವರು ಈಗ ಮಾತಿಗೆ ಬಂದರು.

“ಮಾಯಕೊಂಡದಾಗೆ ನಮ್ದು ಹಳೇ ಮನೆ ಜಾಗ ಇತ್ತು ಕಣಮ್ಮ. ಅದನ್ನ ಮಾರಿದ್ವಿ. ನನ್ ಮಗಳು ಶಾಂತ ಅಲ್ಲೇ ಅದಾಳೆ, ಊರಾಗೇ ಕೊಟ್ಟೀವಿ. ಅವಳೂ ಬಂದು ಸೈನ್ ಹಾಕಿದ್ಲು.”

“ಅವರ ಪಾಲು ಎಷ್ಟು ಕೊಟ್ರಿ?” ಎಂದೆ. ಕಾನೂನಿನ ಪ್ರಕಾರ ಮಗಳಿಗೂ ಸಮಪಾಲು. ಆಮೇಲೆ ತಕರಾರು ಬಂದರೆ ಬ್ಯಾಂಕಿನ ತಲೆಗೆ ಬರುತ್ತದೆ.

ಹಾಲೇಶಪ್ಪ ತಲೆ ತಗ್ಗಿಸಿದ. “ಕೊಡಕ್ಕೆ ಹೋದೆ ಮೇಡಂ. ಅಕ್ಕ ತಗಳ್ಳಿಲ್ಲ. ನನಗೆ ದುಡ್ಡು ಬ್ಯಾಡ, ತವರು ಇರಲಿ ಸಾಕು ಅಂದ್ಲು.”

ನಾನು ಆ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಕ್ಕು ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಿದೆಯೇ ಎಂದು ನೋಡಿದೆ. ಆಗಿತ್ತು. ಮುಂದಿನ ಲೆಕ್ಕಕ್ಕೆ ಹೋದೆ.

ಬ್ಯಾಂಕುಗಳು ಸಾಲದ ಮೊತ್ತ ಹೇಗೆ ನಿಗದಿ ಮಾಡುತ್ತವೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹಾಲೇಶಪ್ಪನ ಕೈಗೆ ಓವರ್‌ಟೈಮ್ ಸೇರಿ ಮೂವತ್ನಾಲ್ಕು ಸಾವಿರ ಬರುತ್ತಿತ್ತು, ನಾಗವೇಣಿಗೆ ಹದಿನೆಂಟು ಸಾವಿರ. ಒಟ್ಟು ಐವತ್ತೆರಡು ಸಾವಿರ. ಇದರಲ್ಲಿ ಅರ್ಧದವರೆಗೆ ಎಲ್ಲ ಬಗೆಯ ಕಂತುಗಳಿಗೆ ಹೋಗಬಹುದು ಎಂಬುದು ಅವರಂಥವರಿಗೆ ನಮ್ಮಲ್ಲಿದ್ದ ಮಿತಿ. ಎಫ್‌ಒಐಆರ್ ಎನ್ನುವ ದೊಡ್ಡ ಹೆಸರಿನ ಹಿಂದಿರುವುದು ಇಷ್ಟೇ. ಅರ್ಧವೆಂದರೆ ಇಪ್ಪತ್ತಾರು ಸಾವಿರ. ಅದರಲ್ಲಿ ಬೈಕಿನ ಕಂತು ಎರಡು ಸಾವಿರದ ಆರುನೂರು ಕಳೆದರೆ ಇಪ್ಪತ್ಮೂರು ಸಾವಿರದ ನಾನೂರು. ಬಡ್ಡಿ ಶೇಕಡಾ ಒಂಬತ್ತರ ಆಸುಪಾಸು, ಅವಧಿ ಇಪ್ಪತ್ತು ವರ್ಷ ಇದ್ದರೆ ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು ಒಂಬೈನೂರು ರೂಪಾಯಿ ಬೀಳುತ್ತದೆ. ಭಾಗಿಸಿ ನೋಡಿದರೆ ಸರಿಯಾಗಿ ಇಪ್ಪತ್ತಾರು ಲಕ್ಷ. ಕೈಯಲ್ಲಿದ್ದ ದುಡ್ಡಿನಲ್ಲಿ ಎಂಟು ಲಕ್ಷ ಸೇರಿದರೆ ಮೂವತ್ನಾಲ್ಕು. ಉಳಿದದ್ದು ನೋಂದಣಿ ಖರ್ಚಿಗೆ. ಅವರಿಗಾಗಿಯೇ ಹೊಲಿಸಿದ ಅಂಗಿಯ ಹಾಗೆ ಕೂತಿತು ಲೆಕ್ಕ.

ನಾಗವೇಣಿಯ ಮುಖ ಅರಳಿತು. ನಾನು ತಣ್ಣೀರು ಎರಚಿದೆ. ತಾಲೀಮಿನ ವಿಷಯ ಹೇಳಿದೆ. ಬಾಡಿಗೆ ಕಳೆದು ಹದಿನೈದು ಸಾವಿರದ ಒಂಬೈನೂರು, ಜೂನ್, ಜುಲೈ, ಆಗಸ್ಟ್.

“ಹಾಕ್ತೀವಿ ಬಿಡ್ರಿ” ಎಂದ ಹಾಲೇಶಪ್ಪ, ಗರಡಿಗೆ ಇಳಿಯುವವನ ಹಾಗೆ ತೋಳು ನೇವರಿಸಿಕೊಂಡು. ಗೌರಮ್ಮ ಮಾತ್ರ, “ಮೂರ್ ತಿಂಗ್ಳು ಉಪವಾಸ ಮಾಡ್ಸಿ ಆಮೇಲೆ ಊಟಕ್ಕೆ ಕರಿತೀಯೇನಮ್ಮ?” ಎಂದರು. ಎಲ್ಲರೂ ನಕ್ಕೆವು.

ಜೂನ್ ಐದಕ್ಕೆ ದುಡ್ಡು ಬಂತು. ಜುಲೈ ಐದಕ್ಕೂ ಬಂತು. ಶಾಲೆಯ ಫೀಸಿನ ತಿಂಗಳು ದಾಟಿದರಲ್ಲ, ಗಟ್ಟಿಗರು ಎಂದುಕೊಂಡೆ. ಒಂದು ದಿನ ನಾಗವೇಣಿ ಡ್ಯೂಟಿ ಮುಗಿಸಿ ಬ್ಯಾಂಕಿಗೆ ಬಂದಿದ್ದಳು. ಹೇಗೆ ನಡೆದಿದೆ ಎಂದೆ. “ಭಾನುವಾರದ ಮಂಡಕ್ಕಿ ಮಿರ್ಚಿ ಬಂದ್ ಆಗೈತೆ ಮೇಡಂ. ಅವರಿಗೆ ಅದೊಂದೇ ದುಃಖ” ಎಂದು ನಕ್ಕಳು. ಹೋಗುವಾಗ ನಿಜಲಿಂಗಪ್ಪ ಬಡಾವಣೆಯ ಆ ಮನೆಯ ಮುಂದೆ ಹಾದು ಹೋಗುತ್ತೇನೆ, ದಿನಾ ಒಂದು ಸಲ ನೋಡದಿದ್ದರೆ ಸಮಾಧಾನವಿಲ್ಲ ಎಂದಳು. ಗೇಟಿಗೆ ಯಾವ ಬಣ್ಣ ಹೊಡೆಸಬೇಕು ಎಂಬುದೂ ಅವಳ ತಲೆಯಲ್ಲಿ ತೀರ್ಮಾನವಾಗಿತ್ತು.

ಆಗಸ್ಟಿನಲ್ಲಿ ಮೂರನೆಯ ಸಲವೂ ದುಡ್ಡು ಬಂತು, ಒಂದು ದಿನ ಕೂಡ ತಪ್ಪದೆ. ನನಗೆ ಖುಷಿಯೋ ಖುಷಿ. ಕಾಗದಗಳೆಲ್ಲ ಮೊದಲೇ ತಯಾರಿದ್ದವು. ಇಪ್ಪತ್ತಾರು ಲಕ್ಷದ ಮಂಜೂರಾತಿ ಪತ್ರಕ್ಕೆ ಮ್ಯಾನೇಜರರ ಸಹಿ ಮಾಡಿಸಿ ಇಟ್ಟುಕೊಂಡು ಫೋನು ಮಾಡಿದೆ. ನಾಗರ ಪಂಚಮಿ ಮುಗಿದು ಮೂರ್ನಾಲ್ಕು ದಿನಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು.

“ಬರ್ರಿ, ಕೂಡ್ರಿ! ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದೀರಿ” ಎಂದು ಪತ್ರ ಮುಂದೆ ತಳ್ಳಿದೆ. ಹಾಲೇಶಪ್ಪ ಅದನ್ನು ಮುಟ್ಟಲಿಲ್ಲ. ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮುಖ ಬಾಡಿತ್ತು. ಮನೆಯಲ್ಲಿ ಯಾರಿಗಾದರೂ ಏನಾದರೂ ಆಯಿತೇ ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

“ಮೇಡಂ, ನಾವು ಪಾಸಾಗಿಲ್ರಿ. ಫೇಲಾಗೀವಿ.”

“ಏನ್ರೀ ಹಂಗಂದ್ರೆ? ಮೂರು ಸಲಾನೂ ಕಟ್ಟೀರಲ್ಲ!”

“ಮೂರನೇದು ಅಕ್ಕನ ಪಂಚಮಿ ದುಡ್ಡು ಮೇಡಂ” ಎಂದ.

ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ತಮ್ಮನೋ ಅಣ್ಣನೋ ಹೋಗಿ ಕೊಟ್ಟ ಮನೆಯಿಂದ ಹೆಣ್ಣುಮಗಳನ್ನು ಕರೆತರಬೇಕು. ತವರಿನಲ್ಲಿ ಅವಳು ಕೆಲಸ ಮುಟ್ಟುವುದಿಲ್ಲ. ಜೋಕಾಲಿ ಆಡುತ್ತಾಳೆ, ಉಂಡಿ ತಿನ್ನುತ್ತಾಳೆ, ಮಧ್ಯಾಹ್ನ ಕಾಲು ಚಾಚಿ ಮಲಗುತ್ತಾಳೆ. ಹೋಗುವಾಗ ಸೀರೆ, ಮಕ್ಕಳಿಗೆ ಬಟ್ಟೆ, ಡಬ್ಬಿಯ ತುಂಬ ಉಂಡಿ. ಶಾಂತಕ್ಕ ಮದುವೆಯಾದಾಗಿನಿಂದ ಒಂದು ಪಂಚಮಿಯೂ ತಪ್ಪಿರಲಿಲ್ಲವಂತೆ. ಅಮ್ಮ, ತಮ್ಮ ಹರಿಹರಕ್ಕೆ ಬಂದ ಮೇಲೆ ತವರೂ ಅವರ ಹಿಂದೆ ಬಾಡಿಗೆ ಮನೆಗೆ ಬಂದಿತ್ತು. ವಾರದ ಮಟ್ಟಿಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದಳು. ಎಲ್ಲ ಸೇರಿ ಹತ್ತು ಸಾವಿರದ ಖರ್ಚು.

ಈ ಸಲ ಆ ಹತ್ತು ಸಾವಿರ ಕೈಯಲ್ಲಿರಲಿಲ್ಲ. ತಾಲೀಮಿಗೆ ಹಾಕಿದರೆ ಹಬ್ಬಕ್ಕಿಲ್ಲ, ಹಬ್ಬ ಮಾಡಿದರೆ ತಾಲೀಮಿಗಿಲ್ಲ. ಗಂಡ ಹೆಂಡತಿ ಕೂತು ಮಾತಾಡಿ ಒಂದು ಸುಳ್ಳು ಹೊಂದಿಸಿದರು. ಹಾಲೇಶಪ್ಪ ಅಕ್ಕನಿಗೆ ಫೋನು ಮಾಡಿ, “ಹಬ್ಬದಾಗೆ ಇಬ್ರಿಗೂ ಡ್ಯೂಟಿ ಬಿದ್ದೈತಕ್ಕ, ಮನ್ಯಾಗೆ ಅವ್ವ ಒಬ್ಬಳೇ ಇರ್ತಾಳೆ, ಮುಂದಿನ ತಿಂಗಳು ಕರ್ಕಂಬರ್ತೀನಿ” ಎಂದ. ಶಾಂತಕ್ಕ “ಆತು ಬಿಡಪ್ಪ” ಎಂದಳು. ತಾಯಿಗೆ, ಅಕ್ಕನ ಮನೆಯಲ್ಲಿ ಕೆಲಸವಂತೆ, ಈ ಸಲ ಬರುವುದಿಲ್ಲವಂತೆ ಎಂದು ಹೇಳಿದರು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡರು.

ಮುಂದಿನದನ್ನು ನಾಗವೇಣಿ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

“ಹಬ್ಬದ ದಿನ ಹತ್ತು ಗಂಟೆ ಆಗಿತ್ತು ಮೇಡಂ. ಬಾಗ್ಲು ಬಡಿದ್ರು. ತೆಗೆದ್ರೆ ಶಾಂತಕ್ಕ. ಕೈಯಾಗೆ ಒಂದು ದೊಡ್ಡ ಸ್ಟೀಲ್ ಡಬ್ಬಿ. ಇಬ್ರೂ ಡ್ಯೂಟಿಗೆ ಹೋಗಿರ್ತೀರಿ, ಅವ್ವಗೆ ಹಬ್ಬದ ಉಂಡಿ ಯಾರು ಮಾಡಿಕೊಡ್ತಾರೆ ಅಂತ ನಾನೇ ಮಾಡ್ಕಂಬಂದೆ ಅಂದ್ಲು. ಅಂದು ಒಳಗೆ ನೋಡ್ತಾಳೆ, ಇವರು ಬನಿಯನ್ ಮೇಲೆ ಟಿವಿ ಮುಂದೆ ಕುಂತಾರೆ. ನಾನು ಲಟ್ಟಣಿಗೆ ಹಿಡ್ಕಂಡು ನಿಂತೀನಿ.”

ತವರಿನವರು ಹೆಣ್ಣುಮಗಳಿಗೆ ಉಂಡಿ ಕಟ್ಟಿ ಕಳಿಸುವ ಹಬ್ಬದಲ್ಲಿ ಹೆಣ್ಣುಮಗಳೇ ತವರಿಗೆ ಉಂಡಿ ಹೊತ್ತು ತಂದಿದ್ದಾಳೆ. ಅದೂ ಬಸ್ಸು ಹತ್ತಿ, ಒಬ್ಬಳೇ.

“ಬೈದ್ರಾ?” ಎಂದೆ.

“ಬೈದಿದ್ರೆ ಆಗ್ತಿತ್ತು ಮೇಡಂ” ಎಂದ ಹಾಲೇಶಪ್ಪ. “ಏನೂ ಅನ್ಲಿಲ್ಲ. ಡಬ್ಬಿ ಅವ್ವನ ಮುಂದಿಟ್ಲು. ಇವರಿಬ್ರೂ ಇರಲ್ಲಂತ ತಮ್ಮ ಹೇಳಿದ್ದ ಅಂದ್ಲು. ಅವ್ವ ನನ್ನ ಮುಖ ನೋಡಿದ್ಲು. ಅಕ್ಕ ಅರ್ಧ ಲೋಟ ಚಾ ಕುಡಿದು, ಬಸ್ಸಿಗೆ ಹೊತ್ತಾತು ಅಂತ ಎದ್ದುಬಿಟ್ಲು. ನಾನು ಬಸ್‌ ಸ್ಟ್ಯಾಂಡ್ ತನಕ ಹಿಂದೆ ಹೋದೆ. ಬಸ್ಸು ಹತ್ತಬೇಕಾದ್ರೆ ಒಂದೇ ಮಾತು ಕೇಳಿದ್ಲು. ಸೈನ್ ಹಾಕಿಸ್ಕಂಡಾದ ಮೇಲೆ ನಾನು ಬ್ಯಾಡಾದ್ನೇನೋ ತಮ್ಮಾ, ಅಂದ್ಲು.”

ಹೇಳುತ್ತ ಹೇಳುತ್ತ ಆ ಗಟ್ಟಿ ಆಳು ಅತ್ತುಬಿಟ್ಟ. ಬ್ಯಾಂಕಿನ ನಡುಮಧ್ಯದಲ್ಲಿ, ಕ್ಯಾಷ್ ಕೌಂಟರಿನ ಸಾಲಿನವರೆಲ್ಲ ತಿರುಗಿ ನೋಡುತ್ತಿರುವಾಗ. ಗೌರಮ್ಮ ಅಂದಿನಿಂದ ಮಗನ ಜೊತೆ ಮಾತಾಡುತ್ತಿಲ್ಲ ಎಂದು ನಾಗವೇಣಿ ಮೆಲ್ಲಗೆ ಹೇಳಿದಳು. ಡಬ್ಬಿಯನ್ನೂ ಯಾರೂ ತೆರೆದಿರಲಿಲ್ಲ.

ನಾನು ಅನುಭವಸ್ಥೆಯ ಹಾಗೆ ಸಮಾಧಾನ ಹೇಳಲು ಹೋದೆ. “ಹೋಗಿ ತಪ್ಪಾಯ್ತು ಅನ್ರಿ. ಅಕ್ಕ ಅಲ್ವಾ, ಕ್ಷಮಿಸ್ತಾರೆ. ಅದಕ್ಕೂ ಮನೆಗೂ ಯಾಕೆ ಗಂಟು ಹಾಕ್ತೀರಿ? ಬರೋ ವರ್ಷ ಸಂಬಳ ಜಾಸ್ತಿ ಆಗುತ್ತೆ, ಹಬ್ಬ ಜೋರಾಗಿ ಮಾಡಿ” ಎಂದೆ. ಮಂಜೂರಾದ ಸಾಲ, ಚೆನ್ನಾಗಿರುವ ಮನೆ, ಐವತ್ತು ಸಾವಿರದ ಮುಂಗಡ, ನಾಗವೇಣಿಯ ಬಸ್ಸು ಎಲ್ಲ ನನ್ನ ತಲೆಯಲ್ಲಿತ್ತು.

ಹಾಲೇಶಪ್ಪ ಹೆಂಡತಿಯ ಕಡೆ ನೋಡಿದ. ಆ ಮನೆ ಬೇಕೆಂದವಳು ಅವಳು. ಬೇಡವೆನ್ನಬೇಕಾದರೂ ಅವಳೇ ಅನ್ನಬೇಕು ಎಂದು ಅವನು ಕಾಯುತ್ತಿದ್ದ.

“ಮೇಡಂ, ಬಸ್ಸಿನಾಗೆ ಇನ್ನೂ ಇಪ್ಪತ್ತು ವರ್ಷ ಬೇಕಾದ್ರೂ ಓಡಾಡ್ತೀನಿ” ಎಂದಳು ನಾಗವೇಣಿ. “ಆದ್ರೆ ಆವತ್ತು ಅಕ್ಕನ ಮುಖ ನೋಡಿದ್ನಲ್ಲ, ಅದನ್ನ ವರ್ಷಾ ವರ್ಷಾ ನೋಡಕ್ಕಾಗಲ್ರಿ. ನಾನೂ ಒಂದು ಮನೆ ಹೆಣ್ಮಗಳು. ದೊಡ್ಡ ಮನೆ ತಗಂಡು, ಬಂದೋರಿಗೆ ಡ್ಯೂಟಿ ಐತೆ ಅಂತ ಸುಳ್ಳು ಹೇಳ್ಕಂತ ಕುಂತ್ರೆ ಅದು ಮನೆ ಹೆಂಗಾಗ್ತೈತೆ? ನಮಗೆ ಸಣ್ಣ ಸಾಲ ಕೊಡ್ರಿ.”

ಮೂವತ್ತು ವರ್ಷಕ್ಕೂ ಮೇಲ್ಪಟ್ಟ ನೌಕರಿಯಲ್ಲಿ ಸಾಲ ಹೆಚ್ಚು ಕೊಡಿ ಎಂದು ಗೋಗರೆದವರನ್ನು, ಜಗಳವಾಡಿದವರನ್ನು, ಮಂತ್ರಿಗಳಿಂದ ಫೋನು ಮಾಡಿಸಿದವರನ್ನು ನೋಡಿದ್ದೆ. ಮಂಜೂರಾದ ಪತ್ರ ಎದುರಿಗಿರುವಾಗ ಕಡಿಮೆ ಕೊಡಿ ಎಂದವರನ್ನು ಅದೇ ಮೊದಲು ನೋಡಿದ್ದು. ದಿನಾ ಆ ಮನೆಯ ಗೇಟು ನೋಡಿಕೊಂಡು ಹೋಗುತ್ತಿದ್ದ ಹೆಣ್ಣುಮಗಳ ಬಾಯಿಂದ ಈ ಮಾತು. ನನಗೆ ಎದ್ದು ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದುಕೊಂಡೆ ಕೂಡ. ಆಮೇಲೆ ಮೂಗು ಒರೆಸಿಕೊಂಡು, “ಸರಿ, ಲೆಕ್ಕ ಮತ್ತೆ ಹಾಕೋಣ” ಎಂದೆ.

ಈ ಸಲ ಸಂಬಳದಿಂದ ಶುರು ಮಾಡಲಿಲ್ಲ. ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಿಡಿದೆವು. ತಿಂಗಳಿಗೆ ಕಾಣಿಸದ ಖರ್ಚು ವರ್ಷಕ್ಕೆ ಕಾಣಿಸುತ್ತದೆ. ಪಂಚಮಿಗೆ ಶಾಂತಕ್ಕ ಬರುವುದು ಎಂದು ಅವರು ಮೊದಲು ಹೇಳಿದ್ದನ್ನೇ ಮೊದಲು ಬರೆದೆ. ಆಮೇಲೆ ದೀಪಾವಳಿಯ ಖರ್ಚು. ಜೂನ್ ತಿಂಗಳ ಶಾಲೆಯ ಖರ್ಚು, ಗೌರಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ, ವಿಮೆಯ ಕಂತು. ಮದುವೆ ಕಾಲದಲ್ಲಿ ತಿರುಗಿಸಬೇಕಾದ ಮುಯ್ಯಿ ಎಷ್ಟಾಗಬಹುದು ಎಂಬ ಬಗ್ಗೆ ಗಂಡ ಹೆಂಡತಿಗೆ ಸಣ್ಣ ಜಗಳವೇ ಆಯಿತು, ಅವನ ಕಡೆಯವರ ಮದುವೆಗಳು ಜಾಸ್ತಿ ಎಂದು ಅವಳು, ಅವಳ ಕಡೆಯವರು ಸೀರೆಗೆ ಹೆಸರಿಡುತ್ತಾರೆ ಎಂದು ಅವನು. ಅಳು ನಿಂತು ನಗು ಬಂದದ್ದು ಆಗಲೇ. ಎಲ್ಲ ಕೂಡಿ ವರ್ಷಕ್ಕೆ ಎಂಬತ್ನಾಲ್ಕು ಸಾವಿರ ಆಯಿತು. ತಿಂಗಳಿಗೆ ಏಳು ಸಾವಿರ. ಅದನ್ನು ಇಪ್ಪತ್ಮೂರು ಸಾವಿರದ ನಾನೂರರಲ್ಲಿ ಕಳೆದರೆ ಹದಿನಾರು ಸಾವಿರದ ನಾನೂರು ಉಳಿಯಿತು. ಲಕ್ಷಕ್ಕೆ ಒಂಬೈನೂರರಂತೆ ಹದಿನೆಂಟು ಲಕ್ಷ ಸಾಲ.

“ಹದಿನೆಂಟು” ಎಂದೆ. ನಾಗವೇಣಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ನಿಜಲಿಂಗಪ್ಪ ಬಡಾವಣೆಯ ಮನೆ ಅಲ್ಲಿಗೆ ಕೈಬಿಟ್ಟುಹೋಯಿತು. “ಆತ್ರಿ” ಎಂದಳು.

ಮ್ಯಾನೇಜರ್ ಸಾಹೇಬರು ಬಾಲ ಸುಟ್ಟ ಬೆಕ್ಕಿನ ಹಾಗೆ ಆಡಿದರು. ತ್ರೈಮಾಸಿಕ ಗುರಿ ಮುಟ್ಟಲು ಅವರು ಒಂದೊಂದು ಲಕ್ಷ ಎಣಿಸುತ್ತಿದ್ದ ಕಾಲ. “ಮಂಜೂರಾದ ಇಪ್ಪತ್ತಾರನ್ನು ಹದಿನೆಂಟಕ್ಕೆ ಇಳಿಸೋ ಅಧಿಕಾರಿ ಇಡೀ ದೇಶದಲ್ಲಿ ನೀವೊಬ್ಬರೇ ಇರಬೇಕು. ಕಾರಣ ಏನಂತ ಬರೀಲಿ?” ಎಂದರು. “ಪಂಚಮಿ ಅಂತ ಬರೀರಿ ಸಾರ್” ಎಂದೆ. ‘ಅರ್ಜಿದಾರರ ಕೋರಿಕೆಯಂತೆ’ ಎಂದು ಬರೆದರು. ನಾನು ನಡೆದದ್ದನ್ನೆಲ್ಲ ಹೇಳಿದ ಮೇಲೆ ಸಹಿ ಹಾಕಿ ಫೈಲು ನನ್ನ ಕಡೆ ತಳ್ಳಿದರು. ಅವರಿಗೂ ಶಿವಮೊಗ್ಗದಲ್ಲಿ ಒಬ್ಬ ಅಕ್ಕ ಇದ್ದಾರೆಂದು ಅವತ್ತೇ ಗೊತ್ತಾದದ್ದು. ಸಂಜೆ ಅವರು ಕ್ಯಾಬಿನ್ನಿನಿಂದ ಬಹಳ ಹೊತ್ತು ಫೋನಿನಲ್ಲಿ ಮಾತಾಡುತ್ತಿದ್ದರು.

ಮುಂಗಡದ ಐವತ್ತು ಸಾವಿರದಲ್ಲಿ ಮನೆ ಮಾಲೀಕರು ಅರ್ಧ ವಾಪಸ್ ಕೊಟ್ಟರು. ಅರ್ಧ ಹೋಯಿತು. ಹಾಲೇಶಪ್ಪ ಅದಕ್ಕೆ ಸಂಕಟ ಪಟ್ಟ, ಸುಳ್ಳು ಯಾಕೆ ಹೇಳಲಿ, ನನಗೂ ಹೊಟ್ಟೆ ಉರಿಯಿತು. ಆಮೇಲೆ ಎರಡು ತಿಂಗಳು ಹುಡುಕಿ ಹರಿಹರದಲ್ಲೇ ಇಪ್ಪತ್ತಾರು ಲಕ್ಷಕ್ಕೆ ಒಂದು ಮನೆ ಹಿಡಿದರು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಉದ್ದನೆಯ ಪಡಸಾಲೆ. ಸಾಲ ಕೊಡುವ ಮೊದಲು ಮನೆಯನ್ನು ಕಣ್ಣಾರೆ ನೋಡುವುದು ನಿಯಮ. ಬ್ಯಾಂಕಿನ ಎಂಜಿನಿಯರ್ ಜೊತೆ ನಾನೂ ಹೋದೆ. ಅವರು ಗೋಡೆಯ ಬಿರುಕು, ನೀರಿನ ಟ್ಯಾಂಕು ನೋಡುತ್ತಿದ್ದರೆ ಗೌರಮ್ಮ ಪಡಸಾಲೆಯ ನಡುವೆ ನಿಂತು ತಲೆಯೆತ್ತಿ ನೋಡುತ್ತಿದ್ದರು. ಅಲ್ಲಿ ಹಳೆಯ ಕಾಲದ ದಪ್ಪ ಮರದ ತೊಲೆಯೊಂದಿತ್ತು.

“ಎಂಜಿನಿಯರಪ್ಪ, ಇದು ಇಬ್ರ ಭಾರ ತಡಿತೈತೇನಪ್ಪ?” ಎಂದು ಕೇಳಿದರು.

“ಎಂಥ ಭಾರ ಅಜ್ಜಿ?”

“ಜೋಕಾಲಿ ಕಟ್ಟಬೇಕು.”

ಎಂಜಿನಿಯರ್ ತಬ್ಬಿಬ್ಬಾದ. ನಾನು, “ಬರ್ಕಳಪ್ಪ, ತೊಲೆ ಗಟ್ಟಿ ಇದೆ ಅಂತ” ಎಂದೆ.

ದೀಪಾವಳಿ ಕಳೆದ ಮೇಲೆ ಗೃಹಪ್ರವೇಶ ಆಯಿತು. ಹಾಲೇಶಪ್ಪ ತಾನೇ ಮಾಯಕೊಂಡಕ್ಕೆ ಎರಡು ಸಲ ಹೋಗಿ ಅಕ್ಕನನ್ನು ಕರೆದಿದ್ದ. ನಿಜ ಏನೆಂಬುದನ್ನೂ ಹೇಳಿದ್ದ. ಶಾಂತಕ್ಕ ಬಂದಳು. ಅಂದು ಅವಳನ್ನು ಮೊದಲ ಸಲ ನೋಡಿದೆ. ಮೈಮುರಿದು ದುಡಿದು ಗಟ್ಟಿಯಾದ ಹೆಂಗಸು, ನಲವತ್ತೈದರ ಸುಮಾರು. ಎಲ್ಲರ ಜೊತೆ ಚೆನ್ನಾಗಿಯೇ ಮಾತಾಡಿದಳು, ಊಟ ಮಾಡಿದಳು. ರಾತ್ರಿ ಉಳಿದುಕೋ ಎಂದರೆ, ಎಮ್ಮೆ ಹಾಲು ಕರೆಯುವವರಿಲ್ಲ ಎಂದು ಹೊರಟುಹೋದಳು. ಹಾಲೇಶಪ್ಪ ಬಾಗಿಲಲ್ಲೇ ನಿಂತಿದ್ದ. ಸಾಲ ಕಡಿಮೆ ಮಾಡಿಕೊಂಡ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಅವನಿಗೆ ಅದು ಮೊದಲೇ ತಿಳಿದಿತ್ತು.

ಮಾರನೆಯ ವರ್ಷದ ಜನವರಿ ಕೊನೆಗೆ ನಾನು ನಿವೃತ್ತಳಾದೆ. ಆ ಹೊತ್ತಿಗೆ ಹಾಲೇಶಪ್ಪನ ವರ್ಕ್‌ಶಾಪಿನಲ್ಲಿ ಆರ್ಡರ್ ಕಡಿಮೆಯಾಗಿ ಓವರ್‌ಟೈಮ್ ನಿಂತಿತ್ತು. ಆರು ಸಾವಿರ ಖೋತಾ. ಹದಿನಾರು ಸಾವಿರದ ಇನ್ನೂರರ ಕಂತು ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ. ಇಪ್ಪತ್ಮೂರು ಸಾವಿರದ ಕಂತಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಮತ್ತೆ ವಸೂಲಾತಿಯ ದಿನಗಳು ನೆನಪಾಗುತ್ತವೆ. ಅವರು ದುಡ್ಡಿನ ಮುಂದಾಲೋಚನೆ ಮಾಡಿ ಬಚಾವಾದವರಲ್ಲ. ಅಕ್ಕನ ಮುಖ ನೋಡಿ ಬಚಾವಾದವರು. ಅದಕ್ಕೇ ಅವರ ಮೇಲೆ ನನಗೆ ಇಷ್ಟು ಅಭಿಮಾನ.

ಜುಲೈ ಕೊನೆಗೆ ಪಂಚಮಿ ಬಂತು. ಹಿಂದಿನ ದಿನ ನಾಗವೇಣಿಯ ಫೋನು. “ಮೇಡಂ, ನಾಳೆ ನಮ್ಮನೆಗೆ ಬರಲೇಬೇಕು. ಇವರು ಮಾಯಕೊಂಡಕ್ಕೆ ಹೋಗ್ಯಾರೆ.” ದನಿಯಲ್ಲಿ ದಿಗಿಲಿತ್ತು. ಅಕ್ಕ ಬರುತ್ತಾಳೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಹೊರಟೆ, ದಾರಿಯುದ್ದ ನನಗೂ ಅದೇ ಯೋಚನೆ.

ಗೇಟು ತೆಗೆಯುವಾಗಲೇ ಕಿರ್ರ್ ಕಿರ್ರ್ ಎಂಬ ಸದ್ದು ಕೇಳಿಸಿತು. ಪಡಸಾಲೆಯ ತೊಲೆಗೆ ಹಗ್ಗ ಬಿದ್ದಿತ್ತು. ಜೋಕಾಲಿಯ ಮೇಲೆ ಶಾಂತಕ್ಕ, ಪಕ್ಕದಲ್ಲಿ ನಾಗವೇಣಿಯ ಮಗಳು. ಹಿಂದೆ ನಿಂತು ತೂಗುತ್ತಿದ್ದವನು ಹಾಲೇಶಪ್ಪ. ಗೌರಮ್ಮ ಮೂಲೆಯಲ್ಲಿ ಕೂತು, “ಮೆಲ್ಲಕೆ ತೂಗೋ, ನಿಮ್ಮಕ್ಕ ಏನು ಸಣ್ಣ ಹುಡುಗೀನಾ” ಎಂದು ಮಗನನ್ನು ಗದರುತ್ತಿದ್ದರು. ನನ್ನ ಕಣ್ಣು ತುಂಬಿಬಂತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಶಾಂತಕ್ಕ ಕಾಲು ಊರಿ ಜೋಕಾಲಿ ನಿಲ್ಲಿಸಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಇವರ ಮನೇನ ಸಣ್ಣದು ಮಾಡಿಸಿದ ಮೇಡಂ ನೀವೇ ಏನ್ರಿ?”

“ಹೂಂ ಕಣಮ್ಮ, ನಾನೇ” ಎಂದೆ, ಸ್ವಲ್ಪ ಅಂಜಿಕೊಂಡೇ.

ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಎರಡು ಶೇಂಗಾ ಉಂಡಿ. ನನ್ನ ಅಂಗೈ ಬಿಡಿಸಿ ಇಟ್ಟಳು.

“ನಾನು ಬಂದ್ರೆ ಈ ಮನ್ಯಾಗೆ ಹಿಡಿಸ್ತೀನಿ. ಇನ್ನೆಷ್ಟು ದೊಡ್ಡದು ಬೇಕ್ರಿ?” ಎಂದಳು. ಆ ಸಲ ಅವಳು ಹದಿನೈದು ದಿನ ಇದ್ದು ಹೋದಳಂತೆ. ಎಮ್ಮೆಯ ಸುದ್ದಿ ಎತ್ತಲೇ ಇಲ್ಲವಂತೆ.

ನಾಗವೇಣಿ ಈಗಲೂ ದಾವಣಗೆರೆಗೆ ಬಸ್ಸಿನಲ್ಲೇ ಓಡಾಡುತ್ತಾಳೆ. ಒಂದೊಂದು ದಿನ ಡ್ಯೂಟಿ ಮುಗಿಸಿ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಾಳೆ. ನಿಜಲಿಂಗಪ್ಪ ಬಡಾವಣೆಯ ಆ ಮನೆಗೆ ಬೇರೆಯವರು ಬಂದಿದ್ದಾರೆ, ಗೇಟಿಗೆ ಕಡುಹಸಿರು ಬಣ್ಣ ಹೊಡೆಸಿದ್ದಾರೆ, ಅದು ಚೂರೂ ಒಪ್ಪುವುದಿಲ್ಲ ಎಂದು ಮೊನ್ನೆ ಬೈದಳು. ಆಸೆ ಪೂರ್ತಿ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ನಿವೃತ್ತಳಾದರೂ ಜನ ನನ್ನನ್ನು ಬಿಟ್ಟಿಲ್ಲ. ನೆಂಟರು, ನೆರೆಯವರು, ಹಳೆಯ ಸಹೋದ್ಯೋಗಿಗಳ ಮಕ್ಕಳು ಎಷ್ಟು ಸಾಲ ತೆಗೆದುಕೊಳ್ಳಬಹುದು ಎಂದು ಕೇಳಿಕೊಂಡು ಬರುತ್ತಾರೆ. ಫೋನಿನಲ್ಲಿ ಅಂಕಿ ತೋರಿಸುತ್ತಾರೆ. ಬ್ಯಾಂಕು ಎಷ್ಟು ಕೊಡುತ್ತದೆ ಎಂಬುದು ಬ್ಯಾಂಕಿನ ಲೆಕ್ಕ, ಅದನ್ನು ಆ ಫೋನೇ ಹೇಳುತ್ತದೆ. ಕಂತು ಕಟ್ಟಿದ ಮೇಲೂ ಬಾಗಿಲು ತೆರೆದೇ ಇರುವಂತೆ ಎಷ್ಟು ತೆಗೆದುಕೊಳ್ಳಬಹುದು ಎಂಬುದು ಮನೆಯ ಲೆಕ್ಕ. ಈ ಎರಡನೆಯದನ್ನು ನನಗೆ ಹಾಕಲು ಕಲಿಸಿದ್ದು ಹಾಲೇಶಪ್ಪನ ಸಂಸಾರ. ಹಾಗಾಗಿ ಈಗ ನಾನು ಸಂಬಳ ಕೇಳುವುದಿಲ್ಲ. ಫೋನು ಒಳಗಿಡಲು ಹೇಳಿ, “ಹಬ್ಬಕ್ಕೆ ನಿಮ್ಮನೆಗೆ ಯಾರು ಯಾರು ಬರ್ತಾರೆ?” ಎಂದು ಕೇಳುತ್ತೇನೆ. ಮುದುಕಿಗೆ ಅರಳುಮರಳು ಎಂಬ ಹಾಗೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಗಂಡನೋ ಹೆಂಡತಿಯೋ ಮೆಲ್ಲಗೆ ಒಂದೊಂದೇ ಹೆಸರು ಹೇಳಲು ಶುರು ಮಾಡುತ್ತಾರೆ. ನಮ್ಮ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.